ಆವಿಯೊಳಗೆ ಕದ್ದು ಬರೋ ಹನಿ: ತಂಪು ಮಿಷಿನ್ನಿನ ನೂರೈವತ್ತು ವರ್ಷದ ತಲೆನೋವು

ಹಾಲಿನ ಡೈರಿಯ ಬಲ್ಕ್ ಕೂಲರ್ ಕೆಟ್ಟು ನಿಂತಾಗ ಮೆಕ್ಯಾನಿಕ್ ಬಂದು ಕಂಪ್ರೆಸರ್ ಬಿಚ್ಚಿ ನೋಡಿ ಒಂದು ಮಾತು ಹೇಳ್ತಾರೆ: "ಲಿಕ್ವಿಡ್ ಹೊಡೆದಿದೆ". ಸುತ್ತ ನಿಂತಿರೋ ನಾವೆಲ್ಲ ತಲೆ ಆಡಿಸ್ತೀವಿ. ಗ್ಯಾಸ್ ಲೀಕು ಗೊತ್ತು, ವೋಲ್ಟೇಜು ಏರುಪೇರು ಗೊತ್ತು, ಮೋಟರ್ ಸುಡೋದು ಗೊತ್ತು. ಈ ಲಿಕ್ವಿಡ್ ಹೊಡೆಯೋದು ಅಂದ್ರೇನು? ಹಾಲಂತೂ ಕಂಪ್ರೆಸರ್ ಒಳಗೆ ಹೋಗಲ್ಲ. ನೀರೂ ಹೋಗಲ್ಲ. ಹಾಗಾದ್ರೆ ಹೊಡೆದಿದ್ದು ಯಾವ ಲಿಕ್ವಿಡ್ಡು, ಬರೋದು ಮೊದಲೇ ಗೊತ್ತಾಗಲ್ವಾ?

ಗೊತ್ತು ಮಾಡಿಕೊಳ್ಳೋಕೆ ಮನುಷ್ಯ ನೂರೈವತ್ತು ವರ್ಷದಿಂದ ಒದ್ದಾಡ್ತಾ ಇದ್ದಾನೆ. ಅದರ ಚರಿತ್ರೆ ಇವತ್ತಿನ ಬರಹ. ಸ್ವಲ್ಪ ಉದ್ದ ಇದೆ, ಹಾಲು ಹಾಕಿ ಬಂದು ನಿಧಾನಕ್ಕೆ ಓದಿ.

ಮೊದಲು ಮಿಷಿನ್ನಿನ ಒಳಗೆ ಏನು ನಡೆಯುತ್ತೆ ಅಂತ ನೋಡೋಣ. ಮೈ ಒದ್ದೆಯಾಗಿ ಗಾಳಿಗೆ ನಿಂತರೆ ಚಳಿ ಆಗುತ್ತಲ್ಲ, ಅದೇ ಲೆಕ್ಕ. ದ್ರವ ಆವಿ ಆಗಬೇಕಾದ್ರೆ ಅದಕ್ಕೆ ಶಾಖ ಬೇಕು, ಪಕ್ಕದಲ್ಲಿ ಇರೋದರಿಂದ ಕಿತ್ತುಕೊಳ್ಳುತ್ತೆ. ಕೂಲರಿನ ಟ್ಯಾಂಕಿನ ತಳದಲ್ಲಿ ಇರೋ ಗ್ಯಾಸು ಹಾಲಿನ ಬಿಸಿ ಕಿತ್ತುಕೊಂಡು ಕುದ್ದು ಆವಿ ಆಗುತ್ತೆ. ಆ ಆವಿಯನ್ನ ಕಂಪ್ರೆಸರ್ ಎಳೆದುಕೊಂಡು ಒತ್ತಿ, ಹೊರಗಿನ ಫ್ಯಾನಿನ ಹತ್ತಿರ ಇರೋ ಕಾಯಿಲಿಗೆ ತಳ್ಳುತ್ತೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವ ಆಗಿ, ಒಂದು ಸಣ್ಣ ವಾಲ್ವಿನ ಮೂಲಕ ಟ್ಯಾಂಕಿನ ತಳಕ್ಕೆ ವಾಪಸ್ ಬರುತ್ತೆ. ಇಷ್ಟೇ ಸುತ್ತು.

ಇದರಲ್ಲಿ ಒಂದು ಕಟ್ಟುಪಾಡು ಇದೆ. ಟ್ಯಾಂಕಿನಿಂದ ಕಂಪ್ರೆಸರಿಗೆ ಹೋಗೋ ಪೈಪಿನಲ್ಲಿ ಆವಿ ಮಾತ್ರ ಇರಬೇಕು. ಯಾಕೆಂದ್ರೆ ಆವಿಯನ್ನ ಒತ್ತಿದರೆ ಕುಗ್ಗುತ್ತೆ, ದ್ರವ ಕುಗ್ಗಲ್ಲ. ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಸಿಲಿಂಡರ್ ತಲೆಗೂ ನಡುವೆ ಉಳಿಯೋ ಜಾಗ ಬಹಳ ಕಡಿಮೆ. ಅಷ್ಟು ಜಾಗದಲ್ಲಿ ದ್ರವ ಸಿಕ್ಕಿಹಾಕಿಕೊಂಡರೆ ಕಬ್ಬಿಣ ಬಗ್ಗಬೇಕು, ಇಲ್ಲ ಒಡೀಬೇಕು. ಮೊದಲು ಸೀಳೋದು ತೆಳು ಎಲೆಯಂಥ ವಾಲ್ವುಗಳು. ಆಮೇಲೆ ಕನೆಕ್ಟಿಂಗ್ ರಾಡು. ಈಗಿನ ಚಿಕ್ಕ ಕಂಪ್ರೆಸರ್ ನಿಮಿಷಕ್ಕೆ ಸುಮಾರು 2,900 ಸುತ್ತು, ಅಂದ್ರೆ ಸೆಕೆಂಡಿಗೆ 48 ಹೊಡೆತ. ಯಾರಾದ್ರೂ ಓಡಿಬಂದು ಸ್ವಿಚ್ ತೆಗೆಯೋ ಅಷ್ಟರಲ್ಲಿ ಕಥೆ ಮುಗಿದಿರುತ್ತೆ.

ದೊಡ್ಡ ಗುಟುಕು ಬಂದರೆ ಹೀಗೆ. ಸಣ್ಣ ಹನಿಗಳು ಬಂದರೆ ಇನ್ನೊಂದು ಥರ. ಸದ್ದಿಲ್ಲದೆ ಹೋಗಿ ಬೇರಿಂಗಿನ ಎಣ್ಣೆ ತೊಳೆದು ಹಾಕುತ್ತೆ. ಆರು ತಿಂಗಳು ಒಂದು ವರ್ಷ ಹೀಗೇ ನಡೆದು ಒಂದು ದಿನ ಕಂಪ್ರೆಸರ್ ಜಾಮ್ ಆಗುತ್ತೆ. ಆಗ ಎಲ್ಲರೂ ಕರೆಂಟಿಗೆ ಬೈತೀವಿ.

ಹನಿ ಯಾಕೆ ಬರುತ್ತೆ? ಬೆಳಗ್ಗೆ ಹಾಲು ಬಂದಾಗ ಅದು ಹೆಚ್ಚುಕಡಿಮೆ ಹಸುವಿನ ಮೈ ಬಿಸಿಯಲ್ಲೇ ಇರುತ್ತೆ. ಟ್ಯಾಂಕಿನ ತಳದಲ್ಲಿ ಗ್ಯಾಸು ಜೋರಾಗಿ ಕುದಿಯುತ್ತೆ, ಒಳಗೆ ಬಿಟ್ಟಿದ್ದೆಲ್ಲ ಆವಿ ಆಗುತ್ತೆ. ಹಾಲು 4 ಡಿಗ್ರಿ ಹತ್ತಿರ ಬಂದಂಗೆ ಕುದಿಸೋ ಶಾಖ ಕಡಿಮೆ. ವಾಲ್ವು ಮಾತ್ರ ಮೊದಲಿನಷ್ಟೇ ಬಿಡ್ತಾ ಇದ್ದರೆ ಒಂದಷ್ಟು ದ್ರವ ಕುದಿಯದೆ ಹಂಗೇ ಉಳಿದು ಆವಿ ಜೊತೆ ಹೊರಟುಬಿಡುತ್ತೆ. ಒಲೆ ಆರಿದ ಮೇಲೂ ಪಾತ್ರೆಗೆ ನೀರು ಸುರೀತಾ ಇದ್ದಂಗೆ.

ಈ ತೊಂದರೆ ಫ್ರಿಜ್ಜಿಗಿಂತ ಹಳೇದು. ಹಬೆ ರೈಲು ನೋಡಿದವರಿಗೆ ನೆನಪಿರಬಹುದು: ಸ್ಟೇಷನ್ ಬಿಡುವಾಗ ಇಂಜಿನ್ನು ಎರಡೂ ಕಡೆ ನೆಲಮಟ್ಟದಲ್ಲಿ ಬುಸ್ ಅಂತ ಹಬೆ ಬಿಡ್ತಿತ್ತು. ಅದು ಶೋಕಿಗಲ್ಲ. ತಣ್ಣಗಿದ್ದ ಸಿಲಿಂಡರಿನಲ್ಲಿ ಹಬೆ ನೀರಾಗಿ ನಿಂತಿರುತ್ತೆ, ಅದನ್ನ ಹೊರಗೆ ಹಾಕೋಕೆ ಡ್ರೈವರ್ ಕಾಕು ತೆಗೆದು ಹೊರಡ್ತಿದ್ದ. ನೀರು ಇಟ್ಟುಕೊಂಡು ಹೊರಟರೆ ಸಿಲಿಂಡರ್ ಒಡೀಬಹುದು. ರೈಲಿನಲ್ಲಿ ಹೊರಗೆ ಬಿಟ್ಟರೆ ನೀರಿನ ಹಬೆ ತಾನೆ, ನಷ್ಟ ಇಲ್ಲ. ತಂಪು ಮಿಷಿನ್ನಿನಲ್ಲಿ ಹಂಗೆ ಬಿಡೋಕಾಗಲ್ಲ. ಒಳಗಿರೋದು ಅಮೋನಿಯಾ, ಇಲ್ಲ ದುಡ್ಡು ಕೊಟ್ಟು ತುಂಬಿಸಿದ ಗ್ಯಾಸು. ಮುಚ್ಚಿದ ಪೈಪಿನೊಳಗೇ ಹನಿ ಹುಡುಕಬೇಕು, ಒಳಗೇ ತಡೀಬೇಕು.

ಈಗ ಚರಿತ್ರೆಗೆ ಬರೋಣ. ಲಂಡನ್ನಿನಲ್ಲಿದ್ದ ಅಮೆರಿಕದ ಜೇಕಬ್ ಪರ್ಕಿನ್ಸ್ 1834ರಲ್ಲಿ ಇಂಥ ಸುತ್ತು ಹೊಡೆಯೋ ಮಿಷಿನ್ನಿಗೆ ಪೇಟೆಂಟ್ ತಗೊಂಡ. ಒಳಗೆ ಈಥರ್. ಅದು ವ್ಯಾಪಾರಕ್ಕೆ ಹತ್ತಲಿಲ್ಲ. 1850ರ ದಶಕದಲ್ಲಿ ಆಸ್ಟ್ರೇಲಿಯಾದ ಜೀಲಾಂಗ್ ಊರಲ್ಲಿ ಜೇಮ್ಸ್ ಹ್ಯಾರಿಸನ್ ಅನ್ನೋ ಪತ್ರಿಕೆ ಸಂಪಾದಕ ಈಥರ್ ಇಟ್ಟುಕೊಂಡೇ ಐಸ್ ಮಾಡೋ ಮಿಷಿನ್ ನಿಲ್ಲಿಸಿದ. ಅಚ್ಚಿನ ಮೊಳೆ ತೊಳೆಯೋ ಈಥರ್ ಕೈ ತಣ್ಣಗೆ ಮಾಡೋದು ನೋಡಿ ಅವನಿಗೆ ಯೋಚನೆ ಬಂತು ಅಂತ ಹೇಳ್ತಾರೆ.

ಆಮೇಲೆ ಬಂದವನು ಜರ್ಮನಿಯ ಕಾರ್ಲ್ ಲಿಂಡೆ. ಮ್ಯೂನಿಕ್ಕಿನಲ್ಲಿ ಮೇಷ್ಟ್ರು. ನಮ್ಮ ಪಂಪ್‌ಸೆಟ್ಟು ಟ್ರ್ಯಾಕ್ಟರಿಗೆ ಇಂಜಿನ್ ಕೊಟ್ಟ ರುಡಾಲ್ಫ್ ಡೀಸೆಲ್ ಇದೇ ಲಿಂಡೆಯ ಶಿಷ್ಯ, ಓದು ಮುಗಿಸಿ ಪ್ಯಾರಿಸ್ಸಿನಲ್ಲಿ ಲಿಂಡೆಯ ಐಸ್ ಮಿಷಿನ್ ಕೆಲಸಕ್ಕೇ ಸೇರಿದ್ದ. ಲಿಂಡೆ 1870ರ ದಶಕದಲ್ಲಿ ಮ್ಯೂನಿಕ್ಕಿನ ಸ್ಪಾಟನ್ ಬಿಯರ್ ಕಾರ್ಖಾನೆಗೆ ತಂಪು ಮಿಷಿನ್ ಕಟ್ಟಿದ, ಆಮೇಲೆ ಅಮೋನಿಯಾಕ್ಕೆ ಬದಲಾಯಿಸಿದ. 1879ರಲ್ಲಿ ಕಂಪನಿಯನ್ನೇ ಶುರು ಮಾಡಿದ.

ತಮಾಷೆ ಏನಂದ್ರೆ, ಲಿಂಡೆಯ ಮಿಷಿನ್ನಿಗೆ ಸ್ವಲ್ಪ ಹನಿ ಬೇಕಾಗಿತ್ತು! ಅಮೋನಿಯಾ ಆವಿಯನ್ನ ಒತ್ತಿದರೆ ವಿಪರೀತ ಬಿಸಿ ಆಗುತ್ತೆ, ಎಣ್ಣೆ ಕೆಡುತ್ತೆ. ಅದಕ್ಕೆ ಒಂದಿಷ್ಟು ದ್ರವ ಆವಿ ಜೊತೆ ಬರಲಿ, ಸಿಲಿಂಡರಿನಲ್ಲಿ ಆವಿಯಾಗಿ ತಂಪು ಮಾಡಲಿ ಅಂತ ಲೆಕ್ಕ. ಇದಕ್ಕೆ ಹಸಿ ಒತ್ತುವಿಕೆ ಅಂತ ಹೆಸರು. ಇನ್ನೊಂದು ಗುಂಪು ಬೇಡವೇ ಬೇಡ, ಒಣ ಆವಿಯೇ ಬರಲಿ, ಸಿಲಿಂಡರ್ ಸುತ್ತ ನೀರು ಹರಿಸಿ ತಣ್ಣಗಿಡೋಣ ಅಂತಿತ್ತು. ಈ ಹಸಿ-ಒಣ ಜಗಳ ಇಪ್ಪತ್ತನೇ ಶತಮಾನದ ಶುರುವರೆಗೂ ನಡೀತು. ಕೊನೆಗೆ ಗೆದ್ದಿದ್ದು ಒಣ ಪಕ್ಷ. ಸಿಲಿಂಡರಿನೊಳಗೆ ಆವಿ ಆಗೋ ಹನಿ ಹಾಲನ್ನ ತಣ್ಣಗೆ ಮಾಡಲ್ಲ, ಸಿಲಿಂಡರಿನಲ್ಲೇ ಜಾಗ ತಿನ್ನುತ್ತೆ. ಸಾಲದ್ದಕ್ಕೆ "ಸ್ವಲ್ಪ" ಎಷ್ಟು ಅಂತ ಅಳೆಯೋ ಸಾಧನವೇ ಅವರ ಹತ್ತಿರ ಇರಲಿಲ್ಲ.

ಸಾಧನ ಇಲ್ಲ ಅಂದ್ರೆ ಏನಿತ್ತು? ಕೈ, ಕಿವಿ, ಕಣ್ಣು. ಮಿಷಿನ್ ನೋಡಿಕೊಳ್ಳೋನು ವಾಲ್ವಿನ ಚಕ್ರ ಕೈಯಲ್ಲೇ ತಿರುಗಿಸ್ತಿದ್ದ. ಆವಿ ಬರೋ ಸಕ್ಷನ್ ಪೈಪಿನ ಮೇಲೆ ಮಂಜು ಎಲ್ಲಿವರೆಗೂ ಕಟ್ಟಿದೆ ಅಂತ ನೋಡೋದು. ಮಂಜು ಕಂಪ್ರೆಸರಿನ ಮೈ ಮುಟ್ಟಿದರೆ ಚಕ್ರ ಸ್ವಲ್ಪ ಮುಚ್ಚೋದು. ಒತ್ತಿದ ಆವಿ ಹೋಗೋ ಡಿಸ್ಚಾರ್ಜ್ ಪೈಪು ಇದ್ದಕ್ಕಿದ್ದಂಗೆ ತಣ್ಣಗಾದರೆ ಒಳಗೆ ದ್ರವ ಬರ್ತಿದೆ ಅಂತ ಅರ್ಥ. ಟಕ್ ಟಕ್ ಅಂತ ಬಡಿತ ಕೇಳಿದರೆ ದ್ರವ ಬಂದೇಬಿಟ್ಟಿದೆ ಅಂತ ಅರ್ಥ.

ಆಗಿನ ದೊಡ್ಡ ಮಿಷಿನ್ನುಗಳು ನಿಮಿಷಕ್ಕೆ ನೂರು ಸುತ್ತಿನೊಳಗೇ ಓಡ್ತಿದ್ದವು, ಆದ್ದರಿಂದ ಕೈ ಆಡಿಸೋಕೆ ಸಮಯ ಸಿಗ್ತಿತ್ತು. ಕೆಲವು ಅಮೋನಿಯಾ ಕಂಪ್ರೆಸರುಗಳಿಗೆ ಸಿಲಿಂಡರಿನ ಒಳತಲೆಯನ್ನ ಬೋಲ್ಟ್ ಹಾಕಿ ಬಿಗಿಯದೆ ಬಲವಾದ ಸ್ಪ್ರಿಂಗಿನಿಂದ ಒತ್ತಿ ಇಡ್ತಿದ್ದರು. ದ್ರವ ಬಂದರೆ ತಲೆಯೇ ಮೇಲೆದ್ದು ದಾರಿ ಬಿಟ್ಟು ಮತ್ತೆ ಕೂತುಕೊಳ್ಳುತ್ತೆ. ಹಂದಿಗೆ ಬೇಲಿ ಹಾಕೋಕಾಗಲ್ಲ, ನುಗ್ಗಿದರೂ ಬೆಳೆ ಪೂರ್ತಿ ಹೋಗದಂಗೆ ನೋಡಿಕೊಳ್ಳೋಣ ಅನ್ನೋ ಥರ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಂಜು ಹೇಳೋದು ಪೈಪು ಎಷ್ಟು ತಣ್ಣಗಿದೆ ಅಂತ, ಒಳಗೆ ಹನಿ ಇದೆ ಅಂತ ಅಲ್ಲ. ಸೊನ್ನೆಗಿಂತ ಕೆಳಗೆ ಓಡೋ ಐಸ್ ಪ್ಲಾಂಟಿನಲ್ಲಿ ಒಣ ಆವಿ ಇದ್ದರೂ ಮಂಜು ಕಟ್ಟುತ್ತೆ. ಬಡಿತವೋ, ಪೆಟ್ಟು ಬಿದ್ದ ಮೇಲಿನ ಸದ್ದು. ಅಂದ್ರೆ ಹನಿಯನ್ನೇ ಕಂಡವರು ಯಾರೂ ಇಲ್ಲ, ಅದರ ಹೆಜ್ಜೆಗುರುತು ನೋಡಿ ಲೆಕ್ಕ ಹಾಕ್ತಿದ್ದರು.

1920ರ ದಶಕದ ಹೊತ್ತಿಗೆ ಫ್ರಿಜ್ಜು ಮನೆಗಳಿಗೆ ಬಂತು. ಮನೆಯಲ್ಲಿ ಚಕ್ರ ತಿರುಗಿಸೋಕೆ ಯಾರನ್ನ ಇಡ್ತೀರಿ? ಮೊದಲು ಬಂದ ಆಟೋಮ್ಯಾಟಿಕ್ ವಾಲ್ವು ಕಾಯಿಲಿನೊಳಗಿನ ಪ್ರೆಶರ್ ಒಂದೇ ಮಟ್ಟದಲ್ಲಿ ಇರೋ ಹಂಗೆ ನೋಡಿಕೊಳ್ತಿತ್ತು. ಇದರಲ್ಲಿ ಎಡವಟ್ಟು ನೋಡಿ: ಒಳಗಿನ ಸಾಮಾನು ತಣ್ಣಗಾದಂಗೆ ಕುದಿಯೋದು ಕಡಿಮೆ, ಪ್ರೆಶರ್ ಇಳಿಯೋಕೆ ಶುರು. ಅದನ್ನ ಮೇಲೆತ್ತೋಕೆ ವಾಲ್ವು ಇನ್ನೂ ಜಾಸ್ತಿ ತೆಗೆಯುತ್ತೆ. ಮುಚ್ಚಬೇಕಾದಾಗ ತೆಗೆಯೋ ವಾಲ್ವು! ಹೊಟ್ಟೆ ತುಂಬಿದವನಿಗೇ ಬಡಿಸಿದಂಗೆ. ದ್ರವ ಉಕ್ಕಿ ಕಂಪ್ರೆಸರ್ ಕಡೆ ಹೋಗೋದು.

ಇದಕ್ಕೆ ಉತ್ತರ ಬಂದಿದ್ದು ಇದೇ ದಶಕದ ಕೊನೆಯಲ್ಲಿ. ಆ ವಾಲ್ವಿನ ಹೆಸರು ಥರ್ಮೋಸ್ಟ್ಯಾಟಿಕ್ ಎಕ್ಸ್‌ಪಾನ್ಶನ್ ವಾಲ್ವ್. ಇವತ್ತೂ ಬಹಳಷ್ಟು ಬಲ್ಕ್ ಕೂಲರಿನಲ್ಲಿ ಇರೋದು ಇದೇ. ಸಕ್ಷನ್ ಪೈಪಿಗೆ ಬೆರಳುದ್ದದ ಒಂದು ತಾಮ್ರದ ಗುಂಡಿ ಕಟ್ಟಿ, ಅಲ್ಲಿಂದ ಕೂದಲಿನಂಥ ನಳಿಗೆ ವಾಲ್ವಿಗೆ ಹೋಗಿರುತ್ತೆ. ಗುಂಡಿಯೊಳಗೂ ಗ್ಯಾಸು. ಕಾಯಿಲಿನಿಂದ ಹೊರಬರೋ ಆವಿ ಕುದಿಯೋ ಮಟ್ಟಕ್ಕಿಂತ ಐದಾರು ಡಿಗ್ರಿ ಬಿಸಿ ಇದ್ದರೆ, ಎಲ್ಲಾ ದ್ರವ ಕುದ್ದು ಮುಗಿದು ಆವಿಯೇ ಬಿಸಿ ಆಗ್ತಿದೆ ಅಂತ ಅರ್ಥ. ಈ ಹೆಚ್ಚಿನ ಬಿಸಿಗೆ ಸೂಪರ್‌ಹೀಟ್ ಅಂತಾರೆ. ಅದು ಜಾಸ್ತಿ ಆದರೆ ವಾಲ್ವು ತೆಗೆಯುತ್ತೆ, ಕಡಿಮೆ ಆದರೆ ಮುಚ್ಚುತ್ತೆ. ಅಕ್ಕಿಯ ನೀರು ಪೂರ್ತಿ ಇಂಗಿದ ಮೇಲೇ ತಳ ಹತ್ತೋದು, ಹತ್ತಿದ ವಾಸನೆ ಬಂದರೆ ನೀರಿಲ್ಲ ಅಂತ ತಿಳಿಯಲ್ವಾ, ಹಂಗೆ.

ಈ ವಾಲ್ವಿನ ಜೊತೆ ಒಂದು ರೈತರ ಮನೆಯ ಕಥೆ ಇದೆ. ಡೆನ್ಮಾರ್ಕಿನ ಆಲ್ಸ್ ದ್ವೀಪದ ರೈತನ ಮಗ ಮ್ಯಾಡ್ಸ್ ಕ್ಲಾಸನ್ 1933ರಲ್ಲಿ ಅಪ್ಪನ ಹೊಲಮನೆಯ ಅಟ್ಟದ ಕೋಣೆಯಲ್ಲಿ ಇಂಥ ವಾಲ್ವು ಮಾಡೋಕೆ ಕೂತ. ಅದೇ ಮುಂದೆ ಡ್ಯಾನ್‌ಫಾಸ್ ಆಯ್ತು. ನಿಮ್ಮ ಡೈರಿಯ ವಾಲ್ವಿನ ತಲೆ ಮೇಲೆ ಈ ಹೆಸರು ನೋಡಿರಬಹುದು.

ವಾಲ್ವು ತಪ್ಪಿದರೂ ಹನಿ ಮುಂದೆ ಹೋಗದಿರಲಿ ಅಂತ ದೊಡ್ಡ ಅಮೋನಿಯಾ ಪ್ಲಾಂಟುಗಳಲ್ಲಿ ಇನ್ನೊಂದು ಉಪಾಯ: ಕಂಪ್ರೆಸರಿಗೆ ಮುಂಚೆ ಒಂದು ದೊಡ್ಡ ಡ್ರಮ್ಮು. ಸಣ್ಣ ಪೈಪಿನಲ್ಲಿ ಜೋರಾಗಿ ಬಂದ ಆವಿ ಅಗಲದ ಡ್ರಮ್ಮಿನಲ್ಲಿ ನಿಧಾನ ಆಗುತ್ತೆ, ಭಾರದ ಹನಿ ತಳಕ್ಕೆ ಬೀಳುತ್ತೆ, ಹಗುರದ ಆವಿ ಮೇಲಿನಿಂದ ಹೋಗುತ್ತೆ. ಕಣದಲ್ಲಿ ರಾಗಿ ತೂರಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಹದವಾಗಿದ್ದರೆ ಕಾಳು ಕಾಲ ಬುಡಕ್ಕೆ, ಹೊಟ್ಟು ದೂರಕ್ಕೆ. ಬಿರುಗಾಳಿ ಬಂದರೆ ಕಾಳೂ ಹೊಟ್ಟಿನ ಜೊತೆ ಹೋಗುತ್ತೆ. ಡ್ರಮ್ಮೂ ಅಷ್ಟೇ, ಅಳತೆ ಮೀರಿ ಕಂಪ್ರೆಸರ್ ಎಳೆದರೆ ಹನಿ ಬೀಳೋಕೆ ಸಮಯ ಸಿಗಲ್ಲ. ಡ್ರಮ್ಮಿನೊಳಗೆ ದ್ರವದ ಮಟ್ಟ ಏರಿದರೆ ತೇಲುಗುಂಡು ಸ್ವಿಚ್ ತೆಗೆದು ಕಂಪ್ರೆಸರ್ ನಿಲ್ಲಿಸುತ್ತೆ. ಆದರೆ ತೇಲುಗುಂಡು ನೋಡೋದು ತಳದಲ್ಲಿ ನಿಂತ ದ್ರವವನ್ನ. ಆವಿಯಲ್ಲಿ ಹಾರಿಹೋಗೋ ಹನಿಯನ್ನ ಅದು ನೋಡಲ್ಲ.

ಇಲ್ಲಿಗೆ ಸಮಸ್ಯೆ ಮುಗೀತು ಅಂತ ಬಹಳ ಜನ ತಿಳಿದಿದ್ದರು. ಸೂಪರ್‌ಹೀಟ್ ಇದೆ ಅಂದ್ರೆ ಹನಿ ಇಲ್ಲ, ಪುಸ್ತಕದ ಪ್ರಕಾರ ಸರಿ. ಆದರೆ ಪೈಪಿನೊಳಗೆ ಆವಿ ಓಡೋ ವೇಗಕ್ಕೆ ಹನಿಗೂ ಆವಿಗೂ ಹದವಾಗಿ ಬೆರೆಯೋ ಪುರುಸೊತ್ತೇ ಇರಲ್ಲ. ಸುತ್ತಲಿನ ಆವಿ ಬಿಸಿಯಾಗಿದ್ದರೂ ನಡುವೆ ಹನಿಗಳು ಹನಿಗಳಾಗೇ ಓಡ್ತಿರುತ್ತವೆ. ಬಿಸಿಲಲ್ಲೇ ಮಳೆ ಬರಲ್ವಾ, ಹಂಗೆ. ಪೈಪಿನ ಹೊರಮೈಗೆ ಕಟ್ಟಿದ ಗುಂಡಿ ಸರಾಸರಿ ಬಿಸಿ ಹೇಳುತ್ತೆ, ನಡುವಿನ ಹನಿ ಹೇಳಲ್ಲ. 1990ರ ದಶಕದ ಶುರುವಿನಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಕಾಯಿಲಿನ ಬಾಯಲ್ಲಿ ಹೀಗೆ ಹಾರಿಬರೋ ಹನಿಗಳನ್ನೇ ಹಿಡಿದು ಅಭ್ಯಾಸ ಮಾಡಿದರು.

ಹಾಗಾದ್ರೆ ಹನಿಯನ್ನೇ ನೇರ ಹಿಡಿಯೋದು ಹೇಗೆ? ಮೂರು ದಾರಿ ಇವೆ, ಮೂರೂ ನಮಗೆ ಪರಿಚಯದವೇ.

ಒಂದು, ಕಾದ ಮಣಿ. ದೋಸೆ ಹೆಂಚು ಕಾದಿದೆಯಾ ಅಂತ ಹೆಂಗಸರು ನಾಲ್ಕು ಹನಿ ನೀರು ಚಿಮುಕಿಸಿ ನೋಡ್ತಾರೆ. ಇಲ್ಲಿ ಅದರ ಉಲ್ಟಾ: ಹೆಂಚು ಕಾದಿರೋದು ಗೊತ್ತು, ಹನಿ ಬಿತ್ತಾ ಅಂತ ನೋಡಬೇಕು. ಪೈಪಿನೊಳಗೆ ಜೋಳದ ಕಾಳಿಗಿಂತ ಸಣ್ಣ ಮಣಿ ಇಟ್ಟು ಕರೆಂಟಿನಿಂದ ಬೆಚ್ಚಗೆ ಇಡ್ತಾರೆ. ಒಣ ಆವಿ ಸವರಿಕೊಂಡು ಹೋದರೆ ಅದು ಸ್ವಲ್ಪ ಮಾತ್ರ ತಣಿಯುತ್ತೆ. ಹನಿ ಬಡಿದರೆ ಚುಂಯ್ ಅಂತ ಆವಿಯಾಗಿ ದಿಢೀರ್ ಅಂತ ತಣಿಯುತ್ತೆ. ಫ್ರಿಯಾನ್ ಜಾತಿಯ ಆರ್-22 ಗ್ಯಾಸಿನ ಒಂದು ಗ್ರಾಂ ದ್ರವ ಆವಿಯಾಗೋಕೆ ಬೇಕಾದ ಶಾಖ, ಅದೇ ಗ್ಯಾಸಿನ 250 ಗ್ರಾಂಗೂ ಹೆಚ್ಚು ಆವಿಯನ್ನ ಒಂದು ಡಿಗ್ರಿ ತಣಿಸೋ ಅಷ್ಟು. ಅದಕ್ಕೇ ಮಣಿಗೆ ಹನಿ ತಪ್ಪದೆ ಗೊತ್ತಾಗುತ್ತೆ. ಮಣಿ ತಣಿದಂಗೆ ಅದರ ಕರೆಂಟು ತಡೆಯೋ ಗುಣ ಬದಲಾಗುತ್ತೆ, ಮೀಟರು ಓದುತ್ತೆ.

ಎರಡು, ಬೆಳಕು. ಪೈಪಿಗೆ ಗಾಜಿನ ಕಿಂಡಿ ಇಟ್ಟು ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆ ಹಿಡಿಯೋದು. ಒಣ ಆವಿ ಪಾರದರ್ಶಕ, ಹನಿ ಬಂದರೆ ಬೆಳಕು ಚದುರುತ್ತೆ. ಮಂಜು ಬಿದ್ದ ಬೆಳಗ್ಗೆ ಬೈಕಿನ ಲೈಟು ದೂರ ಹೋಗಲ್ವಲ್ಲ, ಅದೇ. ಬಲ್ಕ್ ಕೂಲರಿನಲ್ಲಿ ಈಗಾಗಲೇ ಒಂದು ಗಾಜಿನ ಕಿಂಡಿ ಇರುತ್ತೆ, ಅದನ್ನ ಇದು ಅಂದುಕೊಳ್ಳಬೇಡಿ. ಅದು ವಾಲ್ವಿಗೆ ಮುಂಚಿನ ದ್ರವದ ಪೈಪಿನಲ್ಲಿ ಗುಳ್ಳೆ ಇದೆಯಾ ಅಂತ ನೋಡೋಕೆ. ಅಲ್ಲಿ ದ್ರವದೊಳಗೆ ಆವಿ ಹುಡುಕೋದು, ಇಲ್ಲಿ ಆವಿಯೊಳಗೆ ದ್ರವ.

ಮೂರು, ವಿದ್ಯುತ್ ಹಿಡಿಯೋ ಗುಣ. ಮಂಡಿಯಲ್ಲಿ ಮೆಕ್ಕೆಜೋಳದ ತೇವ ನೋಡೋ ಮೀಟರು, ಹನಿ ನೀರಾವರಿಯವರು ಮಣ್ಣಿಗೆ ಚುಚ್ಚೋ ಸೆನ್ಸರು, ಇವುಗಳಲ್ಲಿ ಬಹಳಷ್ಟು ಕೆಲಸ ಮಾಡೋದು ಇದೇ ಗುಣದಿಂದ. ಎರಡು ಲೋಹದ ನಡುವೆ ಒಣ ವಸ್ತು ಇದ್ದರೆ ಒಂದು ಲೆಕ್ಕ, ಒದ್ದೆ ಇದ್ದರೆ ಇನ್ನೊಂದು ಲೆಕ್ಕ. ದ್ರವ ಅಮೋನಿಯಾಕ್ಕೂ ಅದರ ಆವಿಗೂ ಈ ಗುಣದಲ್ಲಿ ಹದಿನೈದು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಹಾಗಾಗಿ ಪೈಪಿನೊಳಗೆ ಒಂದು ಕಡ್ಡಿ ಇಟ್ಟರೆ ಆವಿ ಎಷ್ಟು ಒಣಗಿದೆ ಅಂತ ಹೇಳುತ್ತೆ. ಇಂಥವು ಈಗ ಅಮೋನಿಯಾ ಪ್ಲಾಂಟುಗಳಿಗೆ ಮಾರಾಟಕ್ಕೇ ಸಿಗ್ತವೆ.

ಇಷ್ಟೆಲ್ಲ ಬಂದ ಮೇಲೂ ಆವಿ ಪೈಪಿನ ದ್ರವ ಎಷ್ಟು ಅಪಾಯ ಅನ್ನೋಕೆ ಒಂದು ಘಟನೆ ಸಾಕು. 2010ರ ಆಗಸ್ಟ್ 23, ಅಮೆರಿಕದ ಅಲಬಾಮಾ ರಾಜ್ಯದ ಥಿಯೋಡೋರ್ ಅನ್ನೋ ಊರಿನ ಮಿಲಾರ್ಡ್ ಕಂಪನಿಯ ಕೋಲ್ಡ್ ಸ್ಟೋರೇಜು. ಹಿಂದಿನ ದಿನ ಏಳು ಗಂಟೆ ಕರೆಂಟ್ ಹೋಗಿತ್ತು. ವಾಪಸ್ ಬಂದ ಮೇಲೆ ಅಲಾರಂ ತೆಗೆಯುವಾಗ ಕಂಟ್ರೋಲ್ ರೀಸೆಟ್ ಆಗಿ, ಮಂಜು ಕರಗಿಸೋಕೆ ಬಿಸಿ ಆವಿ ತುಂಬಿಸಿದ್ದ ಕಾಯಿಲು ನೇರ ತಂಪಿನ ಕಡೆಗೆ ತೆಗೆದುಕೊಂಡಿತು. ಬಿಸಿ ಆವಿಯೂ ತಣ್ಣನೆ ದ್ರವವೂ ಒಂದೇ ಪೈಪಿನಲ್ಲಿ ಸೇರಿ ಸುತ್ತಿಗೆ ಹೊಡೆತದಂಥ ಪೆಟ್ಟು ಬಿತ್ತು. ಛಾವಣಿ ಮೇಲಿನ ಪೈಪೂ ಒಳಗಿನ ಕಾಯಿಲೂ ಒಡೆದು 14,000 ಕಿಲೋಗೂ ಹೆಚ್ಚು ಅಮೋನಿಯಾ ಹೊರಬಂತು. ಗಾಳಿ ಹೋದ ದಿಕ್ಕಿನಲ್ಲಿ ಕೆಲಸ ಮಾಡ್ತಿದ್ದ ನೂರೈವತ್ತಕ್ಕೂ ಹೆಚ್ಚು ಜನಕ್ಕೆ ತೊಂದರೆ ಆಯ್ತು, 32 ಜನ ಆಸ್ಪತ್ರೆ ಸೇರಿದರು. ಅಮೆರಿಕ ಸರ್ಕಾರದ ರಾಸಾಯನಿಕ ಸುರಕ್ಷತಾ ಮಂಡಳಿಯೇ ತನಿಖೆ ಮಾಡಿ ವರದಿ ಕೊಟ್ಟಿದೆ.

ಕರೆಂಟ್ ಹೋಗಿ ಬಂದ ಮೇಲೆ ಅನ್ನೋ ಮಾತು ಗಮನಿಸಿ. ನಮ್ಮ ಹಳ್ಳಿ ಕೂಲರಿನಲ್ಲಿ ಅಮೋನಿಯಾ ಇರಲ್ಲ, ಫ್ರಿಯಾನ್ ಜಾತಿಯ ಗ್ಯಾಸು, ಆ ಮಟ್ಟದ ಅನಾಹುತ ಆಗಲ್ಲ. ಆದರೆ ಹನಿಯ ಕಾಟ ಹೆಚ್ಚೋದು ಆಗಲೇ. ಮಿಷಿನ್ ಬಹಳ ಹೊತ್ತು ನಿಂತು ತಣ್ಣಗಾದರೆ ಗ್ಯಾಸು ನಿಧಾನಕ್ಕೆ ಬಂದು ಕಂಪ್ರೆಸರಿನ ತಳದ ಎಣ್ಣೆಯೊಳಗೆ ಕರಗಿ ಕೂರುತ್ತೆ. ಕರೆಂಟ್ ಬಂದು ಸ್ಟಾರ್ಟ್ ಆದ ಕೂಡಲೇ ಎಣ್ಣೆ ಹಾಲು ಉಕ್ಕಿದಂಗೆ ಉಕ್ಕುತ್ತೆ, ನೊರೆಯೂ ದ್ರವವೂ ಸಿಲಿಂಡರಿಗೆ ಹೋಗುತ್ತೆ. ಇದಕ್ಕೇ ಕಂಪ್ರೆಸರಿನ ತಳಕ್ಕೆ ಒಂದು ಚಿಕ್ಕ ಹೀಟರ್ ಇಟ್ಟಿರ್ತಾರೆ. ಎಷ್ಟೋ ಕಡೆ ಬಿಲ್ ಉಳಿಸೋಕೆ ಅಂತ ಮೈನ್ ಸ್ವಿಚ್ಚೇ ತೆಗೆದುಬಿಡ್ತಾರೆ, ಹೀಟರೂ ನಿಲ್ಲುತ್ತೆ. ಉಳಿಯೋದು ಹತ್ತಿಪ್ಪತ್ತು ರೂಪಾಯಿ, ಹೋಗೋದು ಕಂಪ್ರೆಸರು. ಅದರ ಜೊತೆ ಅವತ್ತಿನ ಹಾಲು. ಒಂದು ಟ್ಯಾಂಕಿನಲ್ಲಿ ಇಡೀ ಊರಿನ ಕರಾವು ಇರುತ್ತೆ. ಒಂದು ಹಸು ಇಟ್ಟುಕೊಂಡ ವಿಧವೆ ಅಕ್ಕನ ಮೂರು ಲೀಟರೂ ಅದರಲ್ಲೇ, ದೊಡ್ಡ ಕೊಟ್ಟಿಗೆಯವರ ಮೂವತ್ತು ಲೀಟರೂ ಅದರಲ್ಲೇ. ಹುಳಿ ಆದರೆ ಎಲ್ಲಾ ಒಟ್ಟಿಗೆ.

ಕಾದ ಮಣಿ, ಕಡ್ಡಿ ಸೆನ್ಸರು ನಮ್ಮ ಸೊಸೈಟಿಗೆ ನಾಳೆಯೇ ಬರಲ್ಲ. ಬರೋವರೆಗೂ ಹಳೇ ಕಾಲದವರ ಕೈ, ಕಿವಿ, ಕಣ್ಣೇ ಗತಿ. ಡೈರಿ ನೋಡಿಕೊಳ್ಳೋರಿಗೆ ಮೂರು ಮಾತು ಹೇಳ್ತೀನಿ.

ಹಾಲು ತಣ್ಣಗಾಗಿ ಮಿಷಿನ್ ನಿಲ್ಲೋ ಹೊತ್ತಿಗೆ ಸಕ್ಷನ್ ಪೈಪು ನೋಡಿ. ಬೆವರಿದ್ದರೆ ಸರಿ. ಹಾಲಿನ ಕೂಲರಿನಲ್ಲಿ ಕಂಪ್ರೆಸರಿನ ಮೈ ಮೇಲೂ ಮಂಜು ಕಟ್ಟಿದರೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಸೂಪರ್‌ಹೀಟ್ ಎಷ್ಟಿದೆ ಅಂತ ಅಳೆಸಿ, ವಾಲ್ವಿನ ಗುಂಡಿ ಪೈಪಿಗೆ ಬಿಗಿಯಾಗಿ ಕೂತಿದೆಯಾ ನೋಡಿಸಿ. ಗುಂಡಿಯ ಕಟ್ಟು ಸಡಿಲ ಆದರೆ ಅದು ಪೈಪಿನ ಬದಲು ಕೋಣೆಯ ಬಿಸಿ ಓದುತ್ತೆ, ವಾಲ್ವು ಜಾಸ್ತಿ ತೆಗೆಯುತ್ತೆ. ಡಿಸ್ಚಾರ್ಜ್ ಪೈಪು ಮಾತ್ರ ಮುಟ್ಟೋಕೆ ಹೋಗಬೇಡಿ, ಚರ್ಮ ಸುಡುತ್ತೆ.

ಎರಡನೇದು, ಹೀಟರಿನ ಕರೆಂಟ್ ತೆಗೆಯಬೇಡಿ. ಬಹಳ ಹೊತ್ತು ಕರೆಂಟ್ ಹೋಗಿ ಬಂದರೆ ಹೀಟರ್ ಎಷ್ಟು ಹೊತ್ತು ಕಾದ ಮೇಲೆ ಸ್ಟಾರ್ಟ್ ಮಾಡಬೇಕು ಅಂತ ಮೆಕ್ಯಾನಿಕ್ಕನ್ನ ಕೇಳಿ, ಗೋಡೆ ಮೇಲೆ ಬರೆಸಿ.

ಮೂರನೇದು, ಸ್ಟಾರ್ಟ್ ಆದ ಮೊದಲ ಒಂದು ನಿಮಿಷ ಅಲ್ಲೇ ನಿಂತು ಕೇಳಿ. ದಿನಾ ಕೇಳಿದವರಿಗೆ ಮಿಷಿನ್ನಿನ ಸದ್ದು ಹಸುವಿನ ಕೂಗಿದ್ದಂಗೆ, ಬದಲಾದರೆ ತಕ್ಷಣ ಗೊತ್ತಾಗುತ್ತೆ. ಬಡಿತ ಕೇಳಿದರೆ ನಿಲ್ಲಿಸಿ, ಆಮೇಲೆ ಉಳಿದ ಮಾತು.

ವಾರ್ಷಿಕ ಸಭೆಯಲ್ಲಿ ಬೋನಸ್ಸು, ಫ್ಯಾಟು, ಫೀಡಿನ ರೇಟು ಎಲ್ಲಾ ಕೇಳ್ತೀವಿ. ಈ ಸಲ ಕೂಲರಿನ ಸರ್ವಿಸ್ ಪುಸ್ತಕವನ್ನೂ ಮೇಜಿನ ಮೇಲೆ ಇಡಿ ಅಂತ ಕೇಳಿ. ಹೋದ ವರ್ಷ ಸೂಪರ್‌ಹೀಟ್ ಎಷ್ಟು ಸಲ ಅಳೆದಿದ್ದಾರೆ ಅಂತ ಅದರಲ್ಲಿ ಬರೆದಿರಬೇಕು. ಬರೆದಿಲ್ಲ ಅಂದ್ರೆ ಬರೆಸೋದು ನಮ್ಮದೇ ಕೆಲಸ, ಹಾಲು ನಮ್ಮದು.